ಕೋವಿಗೆ ತೆಂಗಿನೆಣ್ಣೆ

ಮಾರುವವನೇ ಮಾರಾಯ್ತಿ! ಮಾರುದಿಲ್ಲ ಅಂತ ಯಾರು ಹೇಳಿದ್ದು ನಿಂಗೆ? ಇವತ್ತು ಐದು ಗಂಟೆಗೆ ಮಾಜಿದ್ ಬರ್ತಾನೆ, ಕೋವಿ ತಕೊಂಡು ಹೋಗ್ತಾನೆ, ಖಲಾಸ್! ಗೋಡೆಯಲ್ಲಿ ಎರಡು ಮೊಳೆ ಉಳೀತದೆ, ಅಷ್ಟೇ. ಇಷ್ಟು ಸಣ್ಣ ವಿಷಯಕ್ಕೆ ನೀನು ಕಿನ್ನಿಗೋಳಿಯಿಂದ ಮಸ್ಕತ್ತಿಗೆ ವಿಮಾನ ಹತ್ತಿ ಬರ್ಬೇಕಿತ್ತಾ ಲೋಲಾಕ್ಷಿ? ಒಂದು ಫೋನ್ ಮಾಡಿದ್ರೆ ಸಾಕಿತ್ತು... ಹೌದು, ಹೌದು, ಮಾಡಿದ್ದೀ. ಮಾರ್ಚ್ ತಿಂಗಳಿಂದ ಮಾಡ್ತಾ ಇದ್ದೀ. ಗೊತ್ತುಂಟು ನಂಗೆ.

ಮೊದಲು ಆ ಬ್ಯಾಗನ್ನು ಮಡಿಲಿಂದ ಕೆಳಗಿಡು. ಬಸ್ ಸ್ಟ್ಯಾಂಡಲ್ಲಿ ಕೂತ ಹಾಗೆ ಕೂತಿದ್ದೀಯಲ್ಲ! ಬೇರೆಯವರ ಮನೆಯಾ ಇದು? ಮಗಳು ಪ್ರಣೀತಳ ಹತ್ತನೇ ಕ್ಲಾಸ್ ಮುಗಿಯುವವರೆಗೆ ಇದೇ ಅಲ್ ಗುಬ್ರಾದಲ್ಲಿ, ಇದೇ ಫ್ಲಾಟಿನಲ್ಲಿ, ಇದೇ ಸೋಫಾದಲ್ಲಿ ಕೂತು ನೀನು ಬೀನ್ಸ್ ಮುರಿದವಳಲ್ವಾ? ಸೋಫಾದ ಮೂಲೆ ಹರಿದದ್ದಿತ್ತು ನೋಡು, ಅದನ್ನೂ ಹಾಗೇ ಇಟ್ಟಿದ್ದೇನೆ. ಚಾ ಕುಡಿ. ಒಳ್ಳೆ ಕಪ್ಪಲ್ಲಿ ಕೊಟ್ಟಿದ್ದೇನೆ ನಿಂಗೆ, ಚಿನ್ನದ ಗೆರೆಯದ್ದು, ಸಾಸರ್ ಸಮೇತ. ಯಾರಾದ್ರೂ ಬಂದಾಗ ಮಾತ್ರ ಕೆಳಗಿಳಿಸುದು ಅದನ್ನು. ನಂಗೆ ಈ ಜಜ್ಜಿದ ಸ್ಟೀಲ್ ಲೋಟವೇ ಆಯ್ತು.

ಅಲ್ಲ, ಹೇಳದೆ ಕೇಳದೆ ಹೀಗೆ ಬರುದಾ ಜನ? ಏರ್‌ಪೋರ್ಟಿಂದ ಒಬ್ಬಳೇ ಟ್ಯಾಕ್ಸಿ ಮಾಡ್ಕೊಂಡು! ಬೆಲ್ ಆದಾಗ ನಾನು ನೀರಿನ ಕ್ಯಾನಿನವ ಅಂತ ಎಣಿಸಿ ಖಾಲಿ ಕ್ಯಾನ್ ಹಿಡ್ಕೊಂಡೇ ಬಾಗಿಲು ತೆಗ್ದದ್ದು. ನೋಡಿದ್ರೆ ನೀನು! ಕಟ್ಟಿಕೊಂಡ ಹೆಂಡ್ತಿಯ ಕೈಗೆ ಖಾಲಿ ಕ್ಯಾನ್ ಕೊಟ್ಟು 'ಕಲ್ ದೋ ಲಾನಾ', ನಾಳೆ ಎರಡು ತಾ, ಅಂತ ಹೇಳಿದ ಗಂಡ ಈ ಮಸ್ಕತ್ತಲ್ಲಿ ನಾನೊಬ್ಬನೇ ಇರ್ಬೇಕು. ಹಾಂ, ಈಗ ನಗಾಡಿದೆಯಲ್ಲ. ಸ್ವಲ್ಪ ನಗಾಡಿದೆ. ನಾನು ನೋಡಿದೆ.

ಈಗ ಯಾಕೆ ಗೋಡೆ ನೋಡ್ತೀ? ಅದನ್ನು ನೋಡುವಾಗ ನಿನ್ನ ಮುಖ ಈಗ್ಲೂ ಹಾಗೇ ಆಗ್ತದೆ ಮಾರಾಯ್ತಿ, ಹದಿನಾರು ವರ್ಷ ಆದ್ರೂ! ವಾಷಿಂಗ್ ಮೆಷಿನ್ ನೆನಪಾಯ್ತು ಅಲ್ವಾ? ಊರಿಡೀ ನೀನು ಹೇಳಿದ ಕಥೆ ಅದು. ಮದುವೆ ಮನೆಯಲ್ಲಿ ಹೇಳಿದ್ದೀ, ಸೀಮಂತದಲ್ಲಿ ಹೇಳಿದ್ದೀ, ನನ್ನ ಅಕ್ಕ ಸತ್ತಾಗ ಬೊಜ್ಜದ ಊಟದಲ್ಲೂ ಪಾಯಸ ಬಡಿಸುವಾಗ ಹೇಳಿದ್ದೀ. ಇವತ್ತು ಒಮ್ಮೆ ನಾನೇ ಹೇಳ್ತೇನೆ, ಕೇಳು. ನನ್ನ ಮರ್ಯಾದೆ ನಾನೇ ತೆಗೆದ್ರೆ ಸ್ವಲ್ಪ ಕಡಿಮೆ ನೋಯ್ತದೆ.

ನಾನು ಹೋದದ್ದು ಮೆಷಿನ್ ತರ್ಲಿಕ್ಕೇ. ದೇವರಾಣೆ. ನಮ್ಮ ಆಫೀಸಿನ ವ್ಯಾನ್ ಡ್ರೈವರ್ ಖಲ್ಫಾನ್ ಹೇಳಿದ, ನಿಜ್ವಾದಲ್ಲಿ ಅವನ ಚಿಕ್ಕಪ್ಪನ ಮಗನ ಅಂಗಡಿ ಉಂಟು, ಅಲ್ಲಿ ರೇಟು ಸಸಾರ, ಶುಕ್ರವಾರ ಹೋಗುವ ಅಂತ. ಹೋದೆವು. ಅಂಗಡಿ ತೆರೆಯುದಕ್ಕೆ ಹೊತ್ತಿತ್ತು. ಅಷ್ಟರವರೆಗೆ ಕೋಟೆಯ ಹತ್ತಿರದ ಹಳೇ ಸಂತೆ ನೋಡುವ ಅಂತ ಇವ ಕರ್ಕೊಂಡು ಹೋದ. ಒಂದು ಕಡೆ ಆಡಿನ ವ್ಯಾಪಾರ, ಇನ್ನೊಂದು ಕಡೆ ಒಬ್ಬ ಮುದುಕ ಚಾಪೆಯ ಮೇಲೆ ಕಬ್ಬಿನ ಜಲ್ಲೆ ಇಟ್ಟ ಹಾಗೆ ಹಳೇ ಕೋವಿಗಳನ್ನು ಸಾಲಾಗಿ ಇಟ್ಕೊಂಡು ಕೂತಿದ್ದಾನೆ. ಖಲ್ಫಾನ್ ಇದನ್ನು ಎತ್ತಿದ. ಈ ಮಾರ್ಟಿನಿ ಕೋವಿಯನ್ನು. ಬ್ರಿಟಿಷ್ ಸೈನ್ಯದ್ದು, ರಾಣಿಯ ಕಾಲದ್ದು, ಬದಿಯಲ್ಲಿ ಕಿರೀಟದ ಗುರ್ತು. ಎತ್ತಿದವ ಆ ಗುರ್ತಿನ ಮೇಲೆ ಬೆರಳು ಆಡಿಸಿದ. ಅವನ ಅಜ್ಜನ ಹತ್ರ ಇಂಥದ್ದೇ ಇತ್ತಂತೆ, ಕಷ್ಟಕಾಲದಲ್ಲಿ ಮಾರಿದ್ದಂತೆ. ಒಂದಷ್ಟು ಹೊತ್ತು ಹಿಡ್ಕೊಂಡು ನಿಂತ, ಮತ್ತೆ ಮೆಲ್ಲ ಚಾಪೆಯ ಮೇಲೆ ಇಟ್ಟ. ಆ ತಿಂಗಳು ಅವನ ಕೈ ಖಾಲಿ.

ನಂಗೆ ಎಂತಾಯ್ತೋ ಗೊತ್ತಿಲ್ಲ. ಏಸಿಯ ಸ್ಪೇರ್ ಪಾರ್ಟ್ ಎಣಿಸುವ ಸ್ಟೋರ್ ಕೀಪರ್ ನಾನು. ಊರಲ್ಲಿ ಅಂಗಳದ ಕಾಗೆಗೆ ಕಲ್ಲೆಸೆದ್ರೆ ನೆರೆಮನೆಯ ಹಂಚಿಗೆ ತಾಗುವ ಗುರಿ ನನ್ನದು. ಅಂಥವ, ಅದನ್ನು ಎತ್ತಿಕೊಂಡೆ, 'ನಾನು ತಕೊಳ್ತೇನೆ' ಅಂದೆ! ಬೆಳಿಗ್ಗೆ ಮೆಷಿನ್ ತರ್ಲಿಕ್ಕೆ ಹೋದವ ಮಧ್ಯಾಹ್ನ ಬೆಡ್‌ಶೀಟಲ್ಲಿ ಸುತ್ತಿದ ಒಂದು ಉದ್ದದ ಕಟ್ಟು ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದೇನೆ. ನೀನು ಬಚ್ಚಲಲ್ಲಿ ಮೆಷಿನ್ನಿಗೆ ಜಾಗ ಖಾಲಿ ಮಾಡಿ, ತೊಳೆದು, ಕಾಯ್ತಾ ಇದ್ದೀ. ಪಾಪ, ನೀನು ಕೇಳಿದ ಮಾತು ಸತ್ರೂ ಮರೆಯುದಿಲ್ಲ ನಾನು. 'ಇದು ಪೈಪಾ? ಮೆಷಿನ್ ಹಿಂದಿಂದ ಬರ್ತದಾ?'

ಹಹ್ಹಾ! ನಗಾಡು, ನಗಾಡು, ಪರವಾಗಿಲ್ಲ.

ಮತ್ತೆ ಒಂದು ವರ್ಷ ಕೈಯಲ್ಲೇ ಒಗೆದೆ ನೀನು. ಸೇಡು ತೀರಿಸದೆ ಬಿಟ್ಟೆಯಾ ಹೇಳು! ಒಗೆದ ಬನಿಯನ್ ಒಣಗ್ಲಿಕ್ಕೆ ಇದರ ನಳಿಗೆಗೇ ನೇತು ಹಾಕಿದವಳು. ರಾಣಿಯ ಸೈನ್ಯದ ಕೋವಿಯಲ್ಲಿ ಈ ಕೊಗ್ಗನ ಬನಿಯನ್! ಅದು ಹೊಡೆಯುದಿಲ್ಲ, ಒಳಗಿನ ಸೂಜಿ ತೆಗೆದದ್ದು, ಗೋಡೆಗೆ ಮಾತ್ರ ಅಂತ ಗೊತ್ತಾದ ಮೇಲಂತೂ ನಿನ್ನ ಬಾಯಿಗೆ ಬೀಗವೇ ಇಲ್ಲ. 'ನಿಮ್ಮ ಹಾಗೇ ಉಂಟು. ಉದ್ದ ಉಂಟು, ಶಬ್ದ ಇಲ್ಲ.' ಹೇಳಿದ್ದೀಯಾ ಇಲ್ವಾ?

ಆದ್ರೆ ಎಣ್ಣೆ ಹಚ್ಚಿದ್ದು ಯಾರು? ಈಗ ಹೇಳು. ನಾನಾ? ನೀನು! 'ಕಬ್ಬಿಣ ಅಲ್ವಾ, ತುಕ್ಕು ಹಿಡೀತದೆ' ಅಂತ ತೆಂಗಿನೆಣ್ಣೆ ಬಾಟ್ಲಿ ತಂದು, ಪ್ರಣೀತಳ ತಲೆಗೆ ತಿಕ್ಕಿದ ಕೈಯಲ್ಲೇ ಅದಕ್ಕೂ ತಿಕ್ಕಿದೆ. ಪ್ರತಿ ಶುಕ್ರವಾರ ತಾಯಿಗೆ, ಮಗಳಿಗೆ, ಕೋವಿಗೆ ಎಣ್ಣೆ ಸ್ನಾನ. ಇರುವೆ ಬಂದದ್ದು ನೆನಪುಂಟಾ? ಸಾಲು ಹಿಡಿದು ನಳಿಗೆಯ ಒಳಗೆ ಹೋಗಿದ್ದವಲ್ಲ! ನೀನು ಅದರ ಬಾಯಿಗೆ ಅರಿಶಿನ ಪುಡಿ ಊದಿದ್ದು, ಅದು ವಾಪಾಸ್ ನಿನ್ನ ಮುಖಕ್ಕೇ ಬಂದದ್ದು... ಜಗತ್ತಿನಲ್ಲಿ ಆ ಕೋವಿಯಿಂದ ಕೊನೆಯದಾಗಿ ಪೆಟ್ಟು ತಿಂದವಳು ನೀನೇ.

ನೀನು ಊರಿಗೆ ಹೋದ ಮೇಲೆ ನಾನೂ ಹಾಗೇ ಹಚ್ಚಿಕೊಂಡು ಬಂದೆ. ಬೇರೆ ಗೊತ್ತಿರ್ಲಿಲ್ಲ ನಂಗೆ. ಈಗ ನೋಡು, ಕೆಳಗೆ ಒಂದು ಹಿಡಿ ಉಂಟಲ್ಲ, ಅದನ್ನು ಎಳೆದ್ರೆ ಗುಂಡು ಹಾಕುವ ಬಾಯಿ ತೆರೀಬೇಕು. ತೆರೆಯುದಿಲ್ಲ. ಎಣ್ಣೆ ಒಣಗಿ ಒಣಗಿ ಹಲಸಿನ ಮೇಣದ ಹಾಗೆ ಹಿಡಿದುಬಿಟ್ಟಿದೆ.

ಅದಕ್ಕೇ ಮಾರಾಟ ತಡ ಆದದ್ದು ಮತ್ತೆ! ಏನು ಹುಬ್ಬು ಏರಿಸ್ತೀ? ಜನ ಬರ್ಲಿಲ್ಲ ಅಂತ ಎಣಿಸಿದ್ದೀಯಾ? ಬಂದಿದ್ದಾರೆ. ಮೊದಲು ಬಂದವ ಕುರುಮ್‌ನ ಒಬ್ಬ ಇಂಗ್ಲಿಷ್‌ನವ, ಹಳೇ ಕೋವಿ ಕೂಡಿಸಿಡುವ ಹುಚ್ಚು ಅವನಿಗೆ. ಟಾರ್ಚ್ ತಂದಿದ್ದ. ಹಲ್ಲಿನ ಡಾಕ್ಟರ್ ನೋಡಿದ ಹಾಗೆ ಇದರ ಬಾಯಿಯೊಳಗೆ ನೋಡಿದ. ಹಿಡಿ ಎಳೆದ. ಬರ್ಲಿಲ್ಲ. ಮೂಸಿ ನೋಡಿದ. 'ಇದಕ್ಕೆ ಎಂತ ಹಾಕಿದ್ದು?' 'ತೆಂಗಿನೆಣ್ಣೆ.' ಕಣ್ಣು ಮುಚ್ಚಿದ ಪಾಪ. ಆಮೇಲೆ ಮೇಲಿನ ಕೆಂಪು ಕಲೆ ತೋರಿಸಿ 'ಇದು?' ಅಂದ. ಆಯುಧಪೂಜೆಯ ಕುಂಕುಮ ಅಂದೆ. ಎಣ್ಣೆಗೆ ಕುಂಕುಮ ಸೇರಿ ವರ್ಷ ವರ್ಷ ಅಲ್ಲೇ ಕೂತು ಕಬ್ಬಿಣವನ್ನೇ ತಿಂದಿದೆಯಂತೆ. ನಂಗೆ ನಾಚಿಕೆ ಆಗ್ಬೇಕಿತ್ತು. ಆಗ್ಲಿಲ್ಲ. ನೀನು ಬೊಟ್ಟಿಟ್ಟ ಜಾಗ ಅಲ್ವಾ ಅದು... ಅವ ಎಲ್ಲ ಉಜ್ಜಿ ತೆಗೆದು, ಗಾಜಿನ ಪೆಟ್ಟಿಗೆಯಲ್ಲಿ ಇಡ್ತಾನಂತೆ. ಕೊಡುದಿಲ್ಲ ಅಂದೆ. ಪೆಟ್ಟಿಗೆಯಲ್ಲಿ ಇಟ್ರೆ ಅದಕ್ಕೆ ಉಸಿರು ಕಟ್ಟುದಿಲ್ವಾ?

ಹೌದು, ಗೊತ್ತುಂಟು, ಕೋವಿ ಉಸಿರಾಡುದಿಲ್ಲ. ನೀನು ನೋಡುವ ನೋಟಕ್ಕೇ ಗೊತ್ತಾಯ್ತು.

ಎರಡನೆಯವ ನಮ್ಮ ಮುಲ್ಕಿಯ ಸ್ಟ್ಯಾನ್ಲಿ. ಅಲ್ ಖುವೈರಲ್ಲಿ ಹೋಟೆಲ್ ಉಂಟಲ್ಲ ಅವನದ್ದು. 'ಕೊಗ್ಗಣ್ಣ, ನಂಗೆ ಕೊಡಿ, ಹೋಟೆಲಿಗೆ ಒಂದು ಗತ್ತು ಬರ್ತದೆ' ಅಂದ. ಎಲ್ಲಿ ಹಾಕ್ತೀ ಕೇಳಿದೆ. ಕೈ ತೊಳೆಯುವ ಬೇಸಿನ್ನಿನ ಮೇಲೆ ಜಾಗ ಉಂಟಂತೆ! ಬಂಗುಡೆ ಫ್ರೈ ತಿಂದು ಬಾಯಿ ಮುಕ್ಕಳಿಸುವವರು ನೋಡ್ಲಿಕ್ಕಾ ನನ್ನ ಕೋವಿ? ಕೊಡ್ಲಿಲ್ಲ. ನೀನೇ ಹೇಳು, ಕೊಡ್ತಿದ್ದೆಯಾ? ...ಕೊಡ್ತಿದ್ದೆ ನೀನು. ನಿನ್ನ ಹತ್ರ ಕೇಳಿದ್ದು ನನ್ನ ತಪ್ಪು.

ಇನ್ನು ಉಳಿದದ್ದು ಮಾಜಿದ್. ಖಲ್ಫಾನ್‌ನ ಕಿರಿಯ ಮಗ. ಸಣ್ಣವ ಇದ್ದಾಗ ನಮ್ಮ ಮನೆಗೆ ಬಂದು ನಿನ್ನ ಗೋಳಿಬಜೆ ತಟ್ಟೆ ಖಾಲಿ ಮಾಡ್ತಿದ್ದವ, ಈಗ ಗಡ್ಡ ಬಿಟ್ಟು ಬ್ಯಾಂಕಲ್ಲಿ ಕೆಲಸ ಮಾಡ್ತಾನೆ. ಈ ಶುಕ್ರವಾರ ಮದುವೆ ಅವನಿಗೆ, ಬಹ್ಲಾದ ಆಚೆಯ ಅವರ ಹಳ್ಳಿಯಲ್ಲಿ. ಮದುಮಗ ಕೋವಿ ಹಿಡ್ಕೊಂಡು ಕುಣೀಬೇಕಲ್ಲ ಅವರಲ್ಲಿ. 'ಅಂಕಲ್, ಅಪ್ಪ ಹಿಡೀತಿದ್ದ ಕೋವಿಯೇ ಬೇಕು ನಂಗೆ' ಅಂದ. ಅವರಪ್ಪ ಹಿಡೀತಿದ್ದದ್ದು ಅಂದ್ರೆ ಇದುವೇ. ಪ್ರತಿ ಈದಿಗೆ ಖಲ್ಫಾನ್ ಬಂದು ಕೇಳಿ ತಕೊಂಡು ಹೋಗ್ತಿದ್ದದ್ದು, ಹಳ್ಳಿಯಲ್ಲಿ ಕುಣಿಸಿ, ಒರೆಸಿ, ಒಂದು ಡಬ್ಬಿ ಹಲ್ವಾದೊಟ್ಟಿಗೆ ವಾಪಾಸ್ ತಂದು ಕೊಡ್ತಿದ್ದದ್ದು, ನೀನೇ ನೋಡಿದ್ದಲ್ವಾ. ತಕೊಂಡು ಹೋಗುವಾಗ ತನ್ನ ಮುಂಡಾಸಿನ ತುದಿಯಲ್ಲಿ ಮೆಲ್ಲ ಕುಂಕುಮ ಒರೆಸ್ತಿದ್ದ. ನಾವು ಬೇಜಾರು ಮಾಡ್ಕೊಳ್ಬಾರ್ದು ಅಂತ ಆಚೆ ತಿರುಗಿ ಒರೆಸ್ತಿದ್ದ. ನವರಾತ್ರಿ ಬಂದಾಗ ನೀನು ಮತ್ತೆ ಹಚ್ಚಿದೆ. ಹೀಗೇ ನಡೀತು. ವರ್ಷಕ್ಕೆ ನಮ್ಮ ಹಬ್ಬವೂ ಅದಕ್ಕೇ, ಅವರ ಹಬ್ಬವೂ ಅದಕ್ಕೇ. ನಮ್ಮಿಬ್ಬರಿಗೂ ಅಷ್ಟು ರಜೆ ಸಿಕ್ಕಿದ್ದಿಲ್ಲ.

ಖಲ್ಫಾನ್ ಪ್ರತಿ ಸಲ ಹೇಳ್ತಿದ್ದ, 'ಕೊಗ್ಗಾ, ನೀನು ಊರಿಗೆ ಹೋಗುವಾಗ ಇದು ನಂಗೆ.' ನಾನು ಹೇಳ್ತಿದ್ದೆ, 'ಹೋಗುವ ದಿನ ಕೊಡ್ತೇನೆ.' ಹೋದ ರಂಜಾನ್ ತಿಂಗಳಲ್ಲಿ ಅವನೇ ಹೋದ. ನಾನಿನ್ನೂ ಇಲ್ಲೇ.

ಇಲ್ಲ, ಇಲ್ಲ, ಕಣ್ಣಲ್ಲಿ ಎಂತ ಇಲ್ಲ. ಏಸಿಯ ಗಾಳಿ. ನಾನು ಏಸಿ ಕಂಪೆನಿಯವ, ನಂಗೆ ಗೊತ್ತಿಲ್ವಾ?

ಹೌದು. ಅದೇ ಕೇಳ್ತೀ ಅಂತ ಗೊತ್ತಿತ್ತು. ಹಾಗಾದ್ರೆ ಮಾಜಿದ್ ಕೇಳಿದ ದಿನವೇ ಯಾಕೆ ಕೊಡ್ಲಿಲ್ಲ ಅಂತ! ಕೊಡುವವನೇ ಇದ್ದೆ. ಆದ್ರೆ... ಅವರು ಅದನ್ನು ಮೇಲೆ ಎಸೆದು ಹಿಡೀತಾರಲ್ಲ, ಬಿದ್ರೆ? ಮರದ ಹಿಡಿ ಒಡೆದ್ರೆ? ಅವನಿಗೆ ಹೇಳಿದೆ. 'ಅಪ್ಪನಿಗೆ ಕೊಡ್ತಿದ್ರಲ್ಲ ಅಂಕಲ್' ಅಂದ. ಸರಿ, ಎಣ್ಣೆ ಹಚ್ಚಿ ಇಡ್ತೇನೆ, ಮುಂದಿನ ವಾರ ಬಾ ಅಂದೆ. ಮುಂದಿನ ವಾರ ಜ್ವರ ಅಂದೆ. ಅದರ ಮುಂದಿನ ವಾರ... ಹೇಳಿದ್ರೆ ನೀನು ಎದ್ದು ಹೋಗ್ತೀ. ಬಾಗಿಲೇ ತೆಗೀಲಿಲ್ಲ. ಬೆಲ್ ಹೊಡೆದ. ನಾನು ಟಿವಿಯ ಶಬ್ದ ತೆಗೆದು, ಉಸಿರು ಹಿಡಿದು, ಈ ಸೋಫಾದ ಹಿಂದೆ ಕೂತೆ. ಅರವತ್ತು ವರ್ಷದ ಗಂಡಸು! ಗೋಡೆಯಲ್ಲಿ ಕೋವಿ, ಸೋಫಾದ ಹಿಂದೆ ನಾನು. ಸೊಂಟ ಹಿಡಿದು ಏಳ್ಲಿಕ್ಕೆ ಆಗ್ಲಿಲ್ಲ, ಅವ ಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇದ್ದೆ.

ಆದ್ರೆ ಇವತ್ತು ಗ್ಯಾರಂಟಿ. ಐದು ಗಂಟೆಗೆ ಬಾ ಅಂತ ನಾನೇ ಫೋನ್ ಮಾಡಿದ್ದೇನೆ. ಬೇಕಾದ್ರೆ ಫೋನ್ ನೋಡು... ಹಾಂ? ಅವನೇ ಮಾಡಿದ್ದು, ಸರಿ. ನಾನು ಎತ್ತಿದೆ. ಎತ್ತಿದ್ದು ದೊಡ್ಡ ವಿಷಯ ಅಲ್ವಾ?

ಟಿಕೆಟಾ? ಟಿಕೆಟ್ ಎಂತ, ಕೋವಿ ಹೋದ ಕೂಡ್ಲೇ ಟಿಕೆಟ್. ಕಂಪೆನಿಯವರು ಹ್ಯಾಂಡೋವರ್ ಮುಗೀಲಿ ಅಂತ ಹಿಡ್ಕೊಂಡಿದ್ದಾರೆ ಅಂತ ಹೇಳಿದ್ದೆನಲ್ಲ. ಹೊಸಬನಿಗೆ ಕಂಪ್ರೆಸರ್ ಯಾವುದು, ಕಂಡೆನ್ಸರ್ ಯಾವುದು ಅಂತ ಗೊತ್ತಿಲ್ಲ ಮಾರಾಯ್ತಿ, ಬಿಟ್ಟು ಬರ್ಲಿಕ್ಕೆ ಆಗ್ತದಾ? ಒಂದು ಜವಾಬ್ದಾರಿ ಇಲ್ವಾ? ನಾನು ಬರುದಿಲ್ಲ ಅಂತ ಅಲ್ಲ. ನಂಗೂ ಆಸೆ ಇಲ್ವಾ ಊರಲ್ಲಿ ಇರ್ಲಿಕ್ಕೆ? ಬೆಳಿಗ್ಗೆ ಎದ್ದು ಮೀನಿನ ಮಾರ್ಕೆಟ್ಟಿಗೆ ಹೋಗ್ಬೇಕು, ಮಧ್ಯಾಹ್ನ ಒಂದು ನಿದ್ದೆ ತೆಗೀಬೇಕು, ಸಂಜೆ ನಿನ್ನೊಟ್ಟಿಗೆ ಜಗಲಿಯಲ್ಲಿ...

ಎಲ್ಲಿಗೆ? ನೀರಾ? ಕೂತ್ಕೋ ಕೂತ್ಕೋ, ನಾನು ತರ್ತೇನೆ! ಏಳ್ಬೇಡ, ಅಡಿಗೆಮನೆ ಗಲೀಜು ಉಂಟು, ನೀನು ಬಂದದ್ದು ಈಗಷ್ಟೇ... ಲೋಲಾಕ್ಷಿ... ಏ ಲೋಲಾ! ಫ್ರಿಜ್ಜಿನ ನೀರು ತಕೊಳ್ಬೇಡ, ಗಂಟಲು ಹಿಡೀತದೆ. ಬಾಗಿಲ ಹತ್ರವೇ ಕ್ಯಾನ್ ಉಂಟು, ಒಳಗೆ ಹೋಗುದು ಬೇಡ. ಸಿಕ್ಕಿತಾ? ಲೈಟ್ ಹಾಕ್ಬೇಡ, ಆ ಸ್ವಿಚ್ಚು ಶಾಕ್ ಹೊಡೀತದೆ...

ಹಾಕಿದೆಯಾ.

...

ಎಂತ ಮಾಡ್ತಾ ಇದ್ದೀ ಅಲ್ಲಿ? ಒಂದು ಲೋಟ ನೀರಿಗೆ ಇಷ್ಟು ಹೊತ್ತಾ? ಲೋಲಾ?

ಬಂದೆಯಾ. ಕೂತ್ಕೋ. ನೀರು ಕುಡಿದೆಯಾ? ...ಯಾಕೆ ಹಾಗೆ ನಿಂತಿದ್ದೀ? ಎಂತ ನೋಡಿದೆ? ಅಕ್ಕಿಯಾ?

ಅಯ್ಯೋ, ಅದಾ! ಅದು... ಕುಚ್ಚಲಕ್ಕಿಗೆ ಆಫರ್ ಇತ್ತು ಮಾರಾಯ್ತಿ, ಒಂದು ಮೂಟೆ ತಕೊಂಡ್ರೆ ಇನ್ನೊಂದು ಅರ್ಧಕ್ಕೆ. ಕೆಂಪು ಅಕ್ಕಿ, ನಮ್ಮ ಊರಿದ್ದೇ. ಇಂಥ ಅಕ್ಕಿ ಇಲ್ಲಿ ಯಾವಾಗ್ಲೂ ಸಿಗುದಿಲ್ಲ. ಸಿಕ್ಕಿದಾಗ ಬಿಡ್ಲಿಕ್ಕೆ ಮನಸ್ಸು ಬರುದಿಲ್ಲ, ನಿಂಗೇ ಗೊತ್ತುಂಟಲ್ಲ. ಸ್ಟ್ಯಾನ್ಲಿಗೆ ಕೊಡುವ ಅಂತ ತಂದದ್ದು. ಇಲ್ಲ, ಮೇಲಿನ ಫ್ಲಾಟಿನವರಿಗೆ. ಅಥವಾ... ಊರಿಗೆ... ಊರಿಂದ ಬಂದ ಅಕ್ಕಿಯನ್ನು ಊರಿಗೆ ತಕೊಂಡು ಹೋಗ್ಲಿಕ್ಕಾ? ಎಂತ ಹೇಳ್ತಾ ಇದ್ದೇನೆ ನಾನು.

ಏನಾದ್ರೂ ಹೇಳು.

ಬೈದಾದ್ರೂ ಬಿಡು. ನಿನ್ನ ಬೈಗುಳ ನಂಗೆ ಅಭ್ಯಾಸ ಉಂಟು. ಎರಡು ಮೂಟೆ ಅಕ್ಕಿ, ಒಬ್ಬ ಮನುಷ್ಯ, ಅವ ಕೋವಿ ಹೋದ ಕೂಡ್ಲೇ ಊರಿಗೆ ಹೊರಡುವವ. ಹೌದು, ನಂಗೂ ಲೆಕ್ಕ ಬರ್ತದೆ. ಸ್ಟೋರ್ ಕೀಪರ್ ಅಲ್ವಾ ನಾನು. ಒಳಗೆ ಎಷ್ಟು ಬಂತು ನೋಡಿದ್ರೆ ಎಷ್ಟು ದಿನಕ್ಕೆ ಅಂತ ಹೇಳುದೇ ನನ್ನ ಕೆಲಸ.

ಕಂಪೆನಿ ಹಿಡ್ಕೊಳ್ಲಿಲ್ಲ ಲೋಲಾ. ಆ ಹೊಸಬ ಬಹಳ ಚುರುಕು, ಎರಡು ವಾರದಲ್ಲಿ ಎಲ್ಲ ಕಲಿತ. ಮ್ಯಾನೇಜರ್ ನನ್ನ ರಿಟೈರ್‌ಮೆಂಟಿಗೆ ಶಾಲು ತಂದು ಇಟ್ಟಿದ್ದ, ಕೇಕಿಗೆ ಹೇಳಿದ್ದ. ನಾನೇ ಹೋಗಿ ಅವನ ಕ್ಯಾಬಿನ್ನಿನಲ್ಲಿ ನಿಂತೆ. ಇನ್ನೆರಡು ವರ್ಷ ಇರ್ತೇನೆ ಸಾರ್, ಯಾವ ಕೆಲಸ ಆದ್ರೂ ಸರಿ ಅಂದೆ. ಅವನಿಗೆ ಪಾಪ ಕಂಡಿರ್ಬೇಕು, ಹೂಂ ಅಂದ. ಅದೇ ದಿನ ಬರುವಾಗ ಅಕ್ಕಿ ತಂದೆ. ಖುಷಿಯಲ್ಲಿ ಒಂದು ಮೂಟೆ, ಹೆದರಿಕೆಯಲ್ಲಿ ಇನ್ನೊಂದು. ನಿಂಗೆ ಹೇಗೆ ಹೇಳುದು ಅಂತ ಹೆದರಿಕೆ. ಫೋನಲ್ಲಿ ನೀನು 'ಯಾವಾಗ ಬರ್ತೀರಿ' ಅಂತ ಕೇಳಿದಾಗೆಲ್ಲ ಕೋವಿ, ಕೋವಿ, ಕೋವಿ ಅಂದೆ. ಪಾಪ, ಅದು ಗೋಡೆಯಲ್ಲಿ ಸುಮ್ಮನೆ ಇತ್ತು. ಅದನ್ನು ಕೊಟ್ರೆ ನಂಗೆ ಹೇಳ್ಲಿಕ್ಕೆ ಎಂತದೂ ಉಳಿಯುದಿಲ್ಲ, ಹೊರಡ್ಲೇಬೇಕು. ಖಲ್ಫಾನ್‌ಗೆ ಹೇಳಿದ್ದು ಹಾಗೆಯೇ ಅಲ್ವಾ. ಹೋಗುವ ದಿನ ಕೊಡ್ತೇನೆ ಅಂತ.

ಇಲ್ಲಪ್ಪ! ಇಲ್ಲಿ ಯಾರೂ ಇಲ್ಲ ನಂಗೆ! ಛೆ, ಆ ಯೋಚನೆಯಲ್ಲಿದ್ದೀಯಾ ನೀನು? ಈ ಹೊಟ್ಟೆ ನೋಡು, ಈ ತಲೆ ನೋಡು. ಯಾರು ಬರ್ತಾರೆ? ...ಹಾಗಲ್ಲ. ಹೇಳಿದ್ರೆ ನಗ್ತೀ. ನಗು ಬೇಕಾದ್ರೆ, ಹೇಳ್ತೇನೆ.

ಹೋದ ವರ್ಷ ರಜೆಗೆ ಬಂದೆನಲ್ಲ. ಎರಡನೇ ದಿನ ಕ್ಷೌರ ಮಾಡ್ಸಿ ಮನೆಗೆ ವಾಪಾಸ್ ಬಂದೆ. ಗೇಟಿನ ಹತ್ರ ನಬೀಸಾ, ನಿನ್ನ ಟೈಲರಿಂಗಿನ ಹೊಸ ಹುಡುಗಿ, ಬಟನ್ ಹೊಲೀತಾ ಕೂತಿದ್ದಳು. ನನ್ನನ್ನು ನೋಡಿ ಕೇಳಿದಳು, 'ಬ್ಲೌಸ್ ಕೊಡ್ಲಿಕ್ಕೆ ಬಂದದ್ದಾ? ಅಕ್ಕ ಊಟಕ್ಕೆ ಕೂತಿದ್ದಾರೆ, ಆಮೇಲೆ ಬನ್ನಿ.' ಬಹಳ ಮರ್ಯಾದೆಯಲ್ಲಿ ಕೇಳಿದ್ದು, ಅವಳದ್ದೇನೂ ತಪ್ಪಿಲ್ಲ. ನಾನು ಎಂತ ಮಾಡಿದೆ ಗೊತ್ತುಂಟಾ? 'ಆಯ್ತು' ಅಂದೆ! ಆಯ್ತು ಅಂದು, ತಿರುಗಿ, ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಒಂದು ಸೋಡ ಕುಡಿದು ಬಂದೆ. ನನ್ನದೇ ಮನೆಗೆ, ಬ್ಲೌಸ್ ಇಲ್ಲದೆ!

ನಗಾಡ್ಲಿಲ್ಲ ನೀನು. ನಗಾಡ್ತೀ ಅಂತ ಎಣಿಸಿದ್ದೆ.

ನಿನ್ನ ಮೇಲೆ ದೂರಲ್ಲ ಇದು. ನೀನು ಒಬ್ಬಳೇ ಮಗಳನ್ನು ಓದಿಸಿದೆ, ಕೆಲಸಕ್ಕೆ ಸೇರಿಸಿದೆ, ನಾಲ್ಕು ಮೆಷಿನ್ ಹಾಕಿದೆ. ಹೊಲಿಯುವ ಮೆಷಿನ್ ಮಾರಾಯ್ತಿ, ಒಗೆಯುದಲ್ಲ! ಪೇಟೆಯಲ್ಲಿ ಕೇಳಿದ್ರೆ ಲೋಲಾಕ್ಷಕ್ಕನ ಮನೆ ಅಂತ ಸ್ಕೂಲ್ ಮಕ್ಕಳೂ ತೋರಿಸ್ತಾರೆ. ನಂಗೆ ಹೆಮ್ಮೆ ಉಂಟು. ಆದ್ರೆ ನನ್ನ ಮಂಚದ ಮೇಲೆ ಕಟ್ಟಿಂಗಿನ ಬಟ್ಟೆ. ಬೆಳಿಗ್ಗೆ ಗಂಜಿಗೆ ಚಮಚ ಬೇಕಾಯ್ತು, ಒಂದು ಡ್ರಾಯರ್ ಎಳೆದೆ, ನೂಲಿನ ಉಂಡೆ. ಇನ್ನೊಂದು ಎಳೆದೆ, ಹುಕ್ಕು. ಮತ್ತೊಂದರಲ್ಲಿ ಜಿಪ್ಪು. ಯಾರನ್ನು ಕೇಳುದು? ಒಳಗೆ ಮೆಷಿನ್ನಿನ ಶಬ್ದ, ನಿನ್ನನ್ನು ಕರೆದ್ರೆ ಕೇಳುದಿಲ್ಲ. ಕೈಯಲ್ಲೇ ಸುರಿದು ಕುಡಿದೆ. ಇಲ್ಲಿ ನಾನು ಕೋವಿ ಕೊಗ್ಗಣ್ಣ. ಆಯುಧಪೂಜೆಯ ದಿನ ಕೆಳಗೆ ಪಾರ್ಕಿಂಗಲ್ಲಿ ನಮ್ಮವರ ಕಾರುಗಳ ಸಾಲು, ಚಕ್ರದಡಿ ಲಿಂಬೆಹಣ್ಣು, ಎಲ್ಲ ಮುಗಿಸಿ ಮೇಲೆ ಬಂದು ಕೋವಿಗೆ ಕೈ ಮುಗಿದು ಅವಲಕ್ಕಿ ತಿಂದು ಹೋಗ್ತಾರೆ. ಹೊಡೆಯದ ಕೋವಿಯ ಹೆಸರಿಂದ ನಾಲ್ಕು ಜನ ನನ್ನನ್ನು ಗುರ್ತು ಹಿಡೀತಾರೆ ಲೋಲಾ. ಅಲ್ಲಿ ನಾನು ಯಾರು?

ಇನ್ನೂ ಒಂದುಂಟು. ಸಣ್ಣ ವಿಷಯ. ಹೇಳ್ಲಿಕ್ಕೇ ನಾಚಿಕೆ.

ಚಾ ಕೊಟ್ಟೆಯಲ್ಲ ನಂಗೆ, ಬಂದ ದಿನ. ನೀನು, ಪ್ರಣೀತ ಇಬ್ಬರೂ ಸ್ಟೀಲ್ ಲೋಟದಲ್ಲಿ ಕುಡಿದ್ರಿ. ನಂಗೆ ಮಾತ್ರ ಶೋಕೇಸಿಂದ ಹೂವಿನ ಕಪ್ಪು ಇಳಿಸಿ, ಒರೆಸಿ, ಸಾಸರಲ್ಲಿ ಎರಡು ಬಿಸ್ಕೆಟ್ ಇಟ್ಟು ತಂದೆ. ಪ್ರೀತಿಯಲ್ಲೇ ತಂದದ್ದು, ನಂಗೆ ಗೊತ್ತುಂಟು. ಆದ್ರೆ ನೆಂಟರಿಗೆ ಕೊಡುವ ಕಪ್ಪು ಅಲ್ವಾ ಅದು? ನಾನು ಆ ಬಿಸ್ಕೆಟ್ಟನ್ನು ಒಂದು ತಿಂದು ಒಂದು ಬಿಟ್ಟೆ, ನೆಂಟರು ಬಿಡುವ ಹಾಗೆ. ಆ ದಿನವೇ ಅನ್ನಿಸಿತು, ನಂಗೆ ಆ ಮನೆಯಲ್ಲಿ ರಜೆಗೆ ಮಾತ್ರ ಜಾಗ ಉಂಟು, ಇರ್ಲಿಕ್ಕೆ ಇಲ್ಲ ಅಂತ. ಕಟ್ಟಿಕೊಂಡವಳು, ಗಂಡನಿಗೆ ಯಾರಾದ್ರೂ ಸಾಸರಲ್ಲಿ...

ಎಂತ ನೋಡ್ತಾ ಇದ್ದೀ ಕೆಳಗೆ? ಚಾ ತಣಿದಿದೆಯಾ? ಬೇರೆ ಮಾಡ್ತೇನೆ, ಕೊಡು ಆ ಕಪ್ಪು ಇಲ್ಲಿ...

ಓ.

ಚಿನ್ನದ ಗೆರೆಯದ್ದು. ಸಾಸರ್ ಸಮೇತ.

ನಾನೇ ಕೊಟ್ಟದ್ದು ಅಲ್ವಾ. ದೊಡ್ಡದಾಗಿ ಹೇಳಿಯೂ ಕೊಟ್ಟೆ, ಯಾರಾದ್ರೂ ಬಂದಾಗ ಮಾತ್ರ ಇಳಿಸುದು ಅಂತ. ಅದಕ್ಕೇ ನೀನು ಮುಟ್ಟದೆ ಇಟ್ಟದ್ದಾ? ಅದಕ್ಕೇ ಬ್ಯಾಗ್ ಮಡಿಲಲ್ಲಿ... ಬಾಗಿಲಲ್ಲಿ ನಿನ್ನ ಕೈಗೆ ಖಾಲಿ ಕ್ಯಾನ್ ಕೊಟ್ಟವ, ನೀನು ಅಡಿಗೆಮನೆಗೆ ಹೋಗ್ತೇನೆ ಅಂದ್ರೆ 'ಏಳ್ಬೇಡ, ಕೂತ್ಕೋ' ಅಂದವ, ಇಷ್ಟು ಹೊತ್ತು ಇಲ್ಲಿ ಕೂತು ಭಾಷಣ ಮಾಡಿದ್ದು. ಬಿಸ್ಕೆಟ್ ಒಂದು ಇಡ್ಲಿಕ್ಕೆ ಮರೆತಿದ್ದೇನೆ ನೋಡು, ನೀನು ಅದನ್ನೂ ಇಟ್ಟಿದ್ದೆ. ಎಂಥ ಜನ ಮಾರಾಯ್ತಿ ನಾನು!

ಏ, ಅದು ನನ್ನ ಲೋಟ. ಅರ್ಧ ಕುಡಿದದ್ದು ನಾನು, ತಣಿದಿದೆ... ಕುಡಿ. ಕುಡಿ, ಪರವಾಗಿಲ್ಲ. ಸಕ್ಕರೆ ಹೆಚ್ಚಾಗಿದೆಯಾ? ಹೌದು, ನಂಗೆ ಗೊತ್ತುಂಟು, ಡಾಕ್ಟರ್ ಬೇಡ ಹೇಳಿದ್ದಾರೆ. ಹಾಗೆ ನೋಡ್ಬೇಡ.

ಬೆಲ್ ಆಯ್ತು.

ಮಾಜಿದ್ ಇರ್ಬೇಕು. ಇಲ್ಲ, ಇಲ್ಲ, ಸೋಫಾದ ಹಿಂದೆ ಹೋಗುದಿಲ್ಲ ನಾನು. ನೀನಿದ್ದೀಯಲ್ಲ. ಬಂದೆ ಮಾಜಿದ್, ಒಂದು ನಿಮಿಷ! ...ಲೋಲಾ, ಸ್ವಲ್ಪ ಈ ಕಡೆಯಿಂದ ಹಿಡಿ, ಇಳಿಸುವ. ಮೆಲ್ಲ, ಭಾರ ಉಂಟು. ಹಾಂ. ಎಣ್ಣೆ ಜಾರ್ತದೆ, ನೋಡ್ಕೊ... ಎಂತ ಮಾಡ್ತೀ? ಕುಂಕುಮ ಒರೆಸ್ತೀಯಾ? ಸೆರಗಿನಲ್ಲಾ? ಆಚೆ ತಿರುಗಿ ಒರೆಸುದು ಯಾಕೆ, ಖಲ್ಫಾನ್‌ನ ಹಾಗೆ? ಇಲ್ಲೇ ನನ್ನ ಎದುರೇ ಒರೆಸು, ನಂಗೆ ಬೇಜಾರಿಲ್ಲ. ಸ್ವಲ್ಪ ಉಳೀತದೆ ಅದು. ಕಬ್ಬಿಣದ ಒಳಗೆ ಹೋದದ್ದು ಬರುದಿಲ್ಲ, ಬಿಡು.

ಇನ್ನು ಬಾಗಿಲು ತೆಗೀತೇನೆ. ಅಲ್ಲ, ತೆಗೆಯುದಕ್ಕೆ ಮುಂಚೆ ಒಂದು ಕೇಳ್ಲಿಕ್ಕುಂಟು. ಬಂದೆ ಮಾಜಿದ್, ಬಂದೆ! ...ಊರಲ್ಲಿ ಚಮಚ ಎಲ್ಲಿ ಇಡುದು ಲೋಲಾ ನೀನು?